ಮೊದಲು ಕಾಮನ್ ತೆಗಿ, ಮಗು

ಅಲ್ಲ ಅಕ್ಕಾ, ನಿಮ್ಮ ಹುಡುಗ ದಡ್ಡ ಅಲ್ಲ. ಆ ಮಾತು ಅವನ ಕಿವಿಗೆ ಬೀಳದ ಹಾಗೆ ನೋಡ್ಕೊಳ್ಳಿ. ಬಹುಪದೋಕ್ತಿ ಅಪವರ್ತಿಸೋ ಪಾಠ ಬಂದಾಗ ಮುಗ್ಗರಿಸದ ಮಕ್ಕಳೇ ಕಡಿಮೆ. ಬೋರ್ಡಿನ ಮುಂದೆ ನಿಂತು ನಿಂತು ನಾನು ಕಂಡ್ಕೊಂಡಿರೋದು ಇಷ್ಟು: ಮಕ್ಕಳು ಎಡವೋ ಜಾಗ ತೀರಾ ಶುರುವಿನಲ್ಲೇ ಇರುತ್ತೆ. ಎಲ್ಲ ಪದಗಳಲ್ಲೂ ಇರೋ ಮಹತ್ತಮ ಸಾಮಾನ್ಯ ಅಪವರ್ತನವನ್ನ ಹೊರಗೆ ಬರೀಬೇಕು. ಕ್ಲಾಸಿನಲ್ಲಿ ‘ಕಾಮನ್ ತೆಗೆಯೋದು’ ಅಂತೀವಲ್ಲ, ಅದೇ. ಅದನ್ನ ಬಿಟ್ಟು ಸೀದಾ ಸೂತ್ರಕ್ಕೆ ಕೈ ಹಾಕ್ತಾರೆ. ಪಾಠ ಮುಗಿಸೋ ಅವಸರದಲ್ಲಿ ನಾವು ಮೇಷ್ಟ್ರುಗಳೂ ಅದನ್ನ ಒಂದೇ ಪೀರಿಯಡ್ಡಿನಲ್ಲಿ ದಾಟಿಸಿಬಿಡ್ತೀವಿ. ನನ್ನ ಕೇಳಿದ್ರೆ ವಾರಗಟ್ಟಲೆ ನಿಲ್ಲಬೇಕಾದ ಜಾಗ ಅದು.

ನಿಮಗೆ ಬೀಜಗಣಿತ ಬರಲ್ಲ ಅಂತೀರಿ. ವರಮಹಾಲಕ್ಷ್ಮಿ ಹಬ್ಬಕ್ಕೆ ತಾಂಬೂಲ ಕಟ್ಟೋದು ಬರುತ್ತಲ್ಲ? 24 ಬಾಳೆಹಣ್ಣು, 36 ವೀಳ್ಯದೆಲೆ, 12 ತೆಂಗಿನಕಾಯಿ ಇದೆ ಅನ್ನಿ. ಏನೂ ಮಿಗಬಾರದು, ಯಾರಿಗೂ ಹೆಚ್ಚುಕಮ್ಮಿ ಆಗಬಾರದು, ಆದಷ್ಟು ಜಾಸ್ತಿ ಮುತ್ತೈದೆಯರಿಗೆ ಸಿಗಬೇಕು. ಎಷ್ಟು ಚೀಲ ಕಟ್ತೀರಿ? 12. ಒಂದೊಂದು ಚೀಲದಲ್ಲಿ 2 ಹಣ್ಣು, 3 ಎಲೆ, 1 ಕಾಯಿ. ಆ 12 ಇದೆಯಲ್ಲ, ಅದೇ ಮ.ಸಾ.ಅ. ಚೀಲದ ಒಳಗಿರೋದೇ ಬ್ರಾಕೆಟ್ಟಿನ ಒಳಗೆ ಉಳಿಯೋದು.

ಈಗ ಮಕ್ಕಳು ಎಲ್ಲಿ ತಪ್ತಾರೆ ನೋಡಿ. ಗೊತ್ತಿಲ್ಲದ ಯಾವುದೋ ಸಂಖ್ಯೆಗೆ ‘ಕ’ ಅನ್ನೋಣ. ಲೆಕ್ಕ 12ಕ² + 18ಕ + 6. ಮೂರೂ ಪದಗಳಿಂದ 6 ಹೊರಗೆ ಬರುತ್ತೆ ಅಂತ ಹುಡುಗನಿಗೆ ತಿಳಿಯುತ್ತೆ. 6(2ಕ² + 3ಕ) ಅಂತ ಬರೆದು ಪೆನ್ನು ಕೆಳಗಿಡ್ತಾನೆ. ಕೊನೆಯ 6 ಎಲ್ಲಿ ಹೋಯ್ತೋ ಅಂದ್ರೆ, ‘ಹೊರಗೆ ತೆಗೆದ್ನಲ್ಲ ಸಾರ್, ಇನ್ನೇನೂ ಉಳಿದಿಲ್ಲ’ ಅಂತಾನೆ. ಹನ್ನೆರಡು ಕಾಯಿಯನ್ನ ಹನ್ನೆರಡು ಚೀಲಕ್ಕೆ ಹಂಚಿದ್ರೆ ಚೀಲಕ್ಕೊಂದು ಕಾಯಿ ಇರುತ್ತೆ ತಾನೇ? ಹಾಗೇ ಇಲ್ಲೂ ಬ್ರಾಕೆಟ್ಟಿನಲ್ಲಿ 1 ಇರಲೇಬೇಕು: 6(2ಕ² + 3ಕ + 1).

ಅಷ್ಟು ಹೇಳಿ ನಾನು ಮುಂದಕ್ಕೆ ಹೋಗಲ್ಲ. ‘ಕ ಜಾಗಕ್ಕೆ 1 ಹಾಕಿ ನೋಡು’ ಅಂತೀನಿ. ಮೂಲ ಲೆಕ್ಕದಲ್ಲಿ 12, 18, 6 ಕೂಡಿ 36 ಬರುತ್ತೆ. ಅವನ ಉತ್ತರದಲ್ಲಿ 6 ಸಲ 5, ಅಂದ್ರೆ 30. ಆರು ಕಳೆದುಹೋಗಿರೋದು ಅವನ ಕಣ್ಣಿಗೇ ಬೀಳುತ್ತೆ. ನಾನು ತಪ್ಪು ಅಂದ್ರೆ ಅವನಿಗೆ ಬೇಜಾರಾಗುತ್ತೆ. ಅವನೇ ಹಿಡಿದ್ರೆ ಆ 1 ಅನ್ನು ಇನ್ಯಾವತ್ತೂ ಬಿಡಲ್ಲ.

ಇನ್ನೊಂದು ಲೆಕ್ಕ ಇದೆ, ಪ್ರತಿ ವರ್ಷ ತಪ್ಪದೆ ಕೊಡ್ತೀನಿ: 2ಕ² + 10ಕ + 12. ‘ಮಧ್ಯದ ಪದ ಒಡೆಯೋದು’ ಆಗಷ್ಟೇ ಕಲಿತಿರ್ತಾರೆ, ಭಾರಿ ಹುಮ್ಮಸ್ಸು. 2 ಮತ್ತು 12ರ ಗುಣಲಬ್ಧ 24. ಗುಣಿಸಿದ್ರೆ 24, ಕೂಡಿದ್ರೆ 10 ಬರೋ ಜೋಡಿ 4 ಮತ್ತು 6. ಒಬ್ಬಳು 4ಕ ಮೊದಲು ಬರೀತಾಳೆ, ಉತ್ತರ (2ಕ + 6)(ಕ + 2). ಪಕ್ಕದಲ್ಲಿ ಕೂತವಳು 6ಕ ಮೊದಲು ಬರೀತಾಳೆ, ಉತ್ತರ (2ಕ + 4)(ಕ + 3). ‘ನಂದು ಸರಿ, ನಿಂದು ತಪ್ಪು’ ಅಂತ ಶುರುವಾಗುತ್ತೆ. ಪುಸ್ತಕದ ಹಿಂದೆ ನೋಡಿದ್ರೆ ಅಲ್ಲಿ ಮೂರನೇದೇ ಇರುತ್ತೆ: 2(ಕ + 2)(ಕ + 3). ಆಗ ಇಬ್ಬರಿಗೂ ಅಳು ಬರೋದೊಂದು ಬಾಕಿ.

ಇಬ್ಬರದ್ದೂ ಗುಣಿಸಿ ನೋಡಿ ಅಂತೀನಿ. ಎರಡೂ ವಾಪಸ್ 2ಕ² + 10ಕ + 12 ಆಗುತ್ತೆ. ಹಾಗಾದ್ರೆ ತಪ್ಪು ಯಾರೂ ಮಾಡಿಲ್ಲ, ಕೆಲಸ ಪೂರ್ತಿ ಮಾಡಿಲ್ಲ ಅಷ್ಟೆ. 12 ಅನ್ನು ಒಬ್ಬರು 2 × 6, ಇನ್ನೊಬ್ಬರು 3 × 4 ಅಂತ ಒಡೆದ್ರೆ ಬೇರೆ ಬೇರೆ ಕಾಣುತ್ತೆ. ಪೂರ್ತಿ ಒಡೆದ್ರೆ ಇಬ್ಬರದ್ದೂ 2 × 2 × 3. ಇಲ್ಲೂ ಹಾಗೇ. 2ಕ + 6ರಲ್ಲಿ ಇನ್ನೂ ಒಂದು 2 ಅಡಗಿದೆ, 2ಕ + 4ರಲ್ಲೂ ಇದೆ. ಅದನ್ನ ಮೊದಲೇ ತೆಗೆದಿದ್ರೆ ಉಳಿಯೋದು ಬರೀ ಕ² + 5ಕ + 6. ಅದನ್ನ ಬಾಯಲ್ಲೇ ಒಡೀಬಹುದಿತ್ತು, ಜಗಳವೂ ಆಗ್ತಿರಲಿಲ್ಲ.

‘ಇದನ್ನೆಲ್ಲ ಕಲಿತು ಏನಾಗಬೇಕು’ ಅಂತ ಅವನು ಕೇಳಿದ್ನಾ? ಒಳ್ಳೇ ಪ್ರಶ್ನೆ, ಬೈಬೇಡಿ. ಹತ್ತನೇ ಕ್ಲಾಸಿಗೆ ಹೋದ್ರೆ ವರ್ಗಸಮೀಕರಣ ಬರುತ್ತೆ. ಕ² = 5ಕ ಅಂತ ಕೊಟ್ರೆ ಮಕ್ಕಳು ಎರಡೂ ಕಡೆ ‘ಕ’ ಹೊಡೆದುಹಾಕಿ ಉತ್ತರ 5 ಅಂತಾರೆ. ಆದ್ರೆ ಸೊನ್ನೆ ಹಾಕಿದ್ರೂ ಸರಿಹೋಗುತ್ತಲ್ಲ! ಆ ಉತ್ತರವನ್ನ ಕೈಯಾರೆ ಕಳ್ಕೊಂಡ ಹಾಗಾಯ್ತು. ಎಲ್ಲವನ್ನೂ ಒಂದೇ ಕಡೆ ತಂದು ಕಾಮನ್ ತೆಗೆದ್ರೆ ಕ(ಕ − 5) = 0. ಎರಡು ಸಂಖ್ಯೆ ಗುಣಿಸಿ ಸೊನ್ನೆ ಬರಬೇಕಾದ್ರೆ ಎರಡರಲ್ಲಿ ಒಂದಾದ್ರೂ ಸೊನ್ನೆ ಆಗಿರಲೇಬೇಕು. ಆಗ 0, 5 ಎರಡೂ ಸಿಗುತ್ತೆ. ಕೂಡಿಸಿಟ್ಟದ್ದನ್ನ ಗುಣಿಸಿಟ್ಟ ಹಾಗೆ ಬರೆಯೋದರ ಬಲ ಇದು.

ಇದೇನು ಇವತ್ತಿನ ವಿದ್ಯೆ ಅಲ್ಲ ಅಕ್ಕಾ. ದೊಡ್ಡ ಸಂಖ್ಯೆ ಬಂದ್ರೆ ಕಾಮನ್ ಏನು ಅಂತ ಕಣ್ಣಿಗೆ ಕಾಣಲ್ಲ. 391 ಮತ್ತು 323 ಕೊಟ್ರೆ ನಿಮ್ಮ ಹುಡುಗ ಗಾಬರಿ ಬೀಳ್ತಾನೆ. ದೊಡ್ಡದರಲ್ಲಿ ಚಿಕ್ಕದು ಕಳೆದ್ರೆ 68. 323ರಲ್ಲಿ 68 ನಾಲ್ಕು ಸಲ ಹೋಗಿ 51 ಉಳಿಯುತ್ತೆ. 68ರಲ್ಲಿ 51 ಕಳೆದ್ರೆ 17. ಆ 17 ಅನ್ನೋದು 51ರಲ್ಲಿ ಸರಿಯಾಗಿ ಮೂರು ಸಲ ಹೋಗುತ್ತೆ. ಅಲ್ಲಿಗೆ ಉತ್ತರ 17. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಏಳನೇ ಭಾಗದಲ್ಲಿ ಇದನ್ನ ಹೇಳಿ ಎರಡು ಸಾವಿರ ವರ್ಷದ ಮೇಲಾಯ್ತು. ನಮ್ಮ ಆರ್ಯಭಟನ ಕುಟ್ಟಕದಲ್ಲೂ ಇದೇ ಥರ ಭಾಗಿಸ್ತಾ ಭಾಗಿಸ್ತಾ ಹೋಗೋದು. ಇನ್ನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿ ಕೂಡೋಕೆ ಛೇದಗಳ ಲಘುತ್ತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ಹಿಡಿಯೋದನ್ನ ತಿಳಿಸಿದ್ದಾರೆ. ಅದನ್ನ ಅವರು ‘ನಿರುದ್ಧ’ ಅಂತ ಕರೆದ್ರು. ಒಂಬತ್ತನೇ ಶತಮಾನದಲ್ಲಿ ಕನ್ನಡದ ದೊರೆಯ ಆಶ್ರಯದಲ್ಲಿ ಬೆಳೆದ ಗಣಿತ ಅದು. ನಮ್ಮ ಮಕ್ಕಳು ಅದಕ್ಕೆ ಹೆದರಬೇಕಾದ್ದೇನಿದೆ?

ಈಗ ನೀವು ಮಾಡಬೇಕಾದ್ದು ಇಷ್ಟೇ. ಅವನು ನೋಟ್‌ಬುಕ್ ತಂದು ತೋರಿಸಿದಾಗ ಉತ್ತರ ಸರಿಯೋ ತಪ್ಪೋ ಅಂತ ನೋಡೋಕೆ ಹೋಗ್ಬೇಡಿ. ಮೊದಲು ‘ಇದನ್ನ ವಾಪಸ್ ಗುಣಿಸಿ ತೋರಿಸು’ ಅನ್ನಿ. ಆಮೇಲೆ ಪ್ರತಿ ಬ್ರಾಕೆಟ್ಟಿನ ಮೇಲೂ ಬೆರಳಿಟ್ಟು ‘ಇದರಲ್ಲಿ ಇನ್ನೂ ಏನಾದ್ರೂ ಕಾಮನ್ ಇದೆಯಾ?’ ಅಂತ ಕೇಳಿ. ಈ ಎರಡು ಮಾತು ಕೇಳೋಕೆ ನಿಮಗೆ ಬೀಜಗಣಿತ ಬರಬೇಕಾಗಿಲ್ಲ. ನಾಲ್ಕು ದಿನ ನೀವು ಕೇಳಿದ್ರೆ, ಐದನೇ ದಿನದಿಂದ ಅವನೇ ತನ್ನನ್ನ ಕೇಳ್ಕೊಳ್ಳೋಕೆ ಶುರು ಮಾಡ್ತಾನೆ. ಆಮೇಲೂ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಸಂಜೆ ನೋಟ್‌ಬುಕ್ ಸಮೇತ ನಮ್ಮನೆಗೆ ಕಳಿಸಿ, ನಾನಿರ್ತೀನಿ.