ವೇಗಾಚಾರ್ಯ

ನನ್ನ ಅಕ್ಕನ ಮಗನಿಗೆ ನಾಮಕರಣದಂದು ಇಟ್ಟ ಹೆಸರು ಬೇರೆ. ಆದರೆ ಕಾರ್ಖಾನೆಯವರು ಗೊತ್ತುಮಾಡಿದ ವೇಗದಲ್ಲಿಯೇ ಯಂತ್ರವೊಂದು ಓಡುತ್ತಿರುವುದು ಆ ಯಂತ್ರಕ್ಕೂ ಅದರ ಯಜಮಾನನಿಗೂ ಸಮಾನವಾಗಿ ಅವಮಾನಕರವೆಂದು ನಂಬಿರುವ ಅವನನ್ನು ಬಂಧುಬಳಗದವರೆಲ್ಲ ವೇಗಾಚಾರ್ಯನೆಂದೇ ಕರೆಯುವುದು ವಾಡಿಕೆ. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದು ಅವನ ನಿತ್ಯಕರ್ಮ. 1998ರ ಸೆಲೆರಾನ್ 300ಎ ಎಂಬ ಬಡ ಪ್ರೊಸೆಸರು, ಬಸ್ಸಿನ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದ ಮಾತ್ರಕ್ಕೆ 300ರಿಂದ 450ಕ್ಕೆ ನೆಗೆದ ಪುರಾಣವನ್ನು ಅವನು ಹರಿಕಥೆಯ ದಾಸರ ಆವೇಶದಿಂದ ಹೇಳಬಲ್ಲನು.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ ಅವನು ತಂದದ್ದು ಇಂಟೆಲ್ಲಿನ ಐ5-2500ಕೆ. ಹೆಸರಿನ ತುದಿಯ ‘ಕೆ’ ಎಂಬ ಅಕ್ಷರವು ಗುಣಕಕ್ಕೆ ಬೀಗ ಹಾಕಿಲ್ಲವೆಂಬುದರ ಸೂಚನೆಯಾದುದರಿಂದ, 100 ಮೆಗಾಹರ್ಟ್ಸಿನ ಮೂಲಬಡಿತವನ್ನು 33ರ ಬದಲಾಗಿ 45ರಿಂದ ಗುಣಿಸಿ, 3.3 ಗಿಗಾಹರ್ಟ್ಸಿನದನ್ನು 4.5ಕ್ಕೆ ಏರಿಸಿ, “ಪುಕ್ಕಟೆ ವೇಗ, ಮಾವ!” ಎಂದನು. ವೋಲ್ಟೇಜು ಏರಿದಂತೆ ಶಾಖವು ಅದರ ವರ್ಗದ ಪ್ರಮಾಣದಲ್ಲಿ ಏರುವುದಷ್ಟೆ; ಆದಕಾರಣ ಈ ಪುಕ್ಕಟೆಯ ಬೆನ್ನಿಗೇ ಇಟ್ಟಿಗೆಗಿಂತ ದಪ್ಪನಾದ ಕೂಲರು, ಹೊಸ ಪವರ್ ಸಪ್ಲೈ, ಅವು ಸಾಲದೆ ಅಕ್ಕನ ಟೇಬಲ್ ಫ್ಯಾನು ಬಂದವು. ದೇವರಿಗೆ ಗಂಧ ತೇಯುವಾಗಲೂ ನಾನು ಕಾಣದ ಶ್ರದ್ಧೆಯಿಂದ ಅವನು ಥರ್ಮಲ್ ಪೇಸ್ಟನ್ನು ಬಟಾಣಿಕಾಳಿನಷ್ಟು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲವೆಂಬಂತೆ, ಉಸಿರು ಬಿಗಿಹಿಡಿದು ಇಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ರಾತ್ರಿಯೆಲ್ಲ ಪರೀಕ್ಷೆ; ಬೆಳಗಿನ ಜಾವಕ್ಕೆ ನೀಲಿ ಪರದೆ; ಮರುರಾತ್ರಿ ವೋಲ್ಟೇಜು ಇನ್ನೊಂದು ಎಳ್ಳಷ್ಟು ಮೇಲಕ್ಕೆ.

ಇಷ್ಟಾಗಿ ಆಟವು ವೇಗವಾಯಿತೆ? ಸಾವಿರಾರು ಸೈನಿಕರ ನಡೆಯನ್ನು ಪ್ರೊಸೆಸರೇ ಲೆಕ್ಕಹಾಕಬೇಕಾದ ಯುದ್ಧದ ಆಟಗಳಲ್ಲಿ ಪ್ರಯೋಜನವುಂಟು, ಅಲ್ಲವೆನ್ನಲಾರೆ. ಆದರೆ ವೇಗಾಚಾರ್ಯನಿಗೆ ಪ್ರಿಯವಾದದ್ದು ಕಾರು ಓಡಿಸುವ ಆಟ. ಅದರ ಸಕಲ ವೈಭವದ ಭಾರವನ್ನೂ ಹೊತ್ತು ಏದುಸಿರು ಬಿಡುತ್ತಿದ್ದುದು ಅವನ ಹಳೆಯ ಗ್ರಾಫಿಕ್ಸ್ ಕಾರ್ಡು. ಒಲೆಯ ಮುಂದೆ ಮುದಿ ಅಡಿಗೆಭಟ್ಟನೊಬ್ಬನೇ ಬೇಯಿಸುತ್ತಿರುವಾಗ, ಎಲೆ ಹಾಕುವ ಹುಡುಗನು ಎಷ್ಟು ಚುರುಕಾಗಿ ಓಡಾಡಿದರೇನು, ಪಂಕ್ತಿಗೆ ಅನ್ನ ಬೇಗ ಬಂದೀತೆ? ಪರದೆಯ ಮೂಲೆಯಲ್ಲಿ ಸೆಕೆಂಡಿಗೆ 41 ಫ್ರೇಮುಗಳಿದ್ದದ್ದು 42 ಆಯಿತು.

“ಒಂದು ಜಾಸ್ತಿಯಾಯಿತಲ್ಲ, ಮಾವ!”

“ಅದು ಸರಿಯಪ್ಪ, ಆಟ ಎಲ್ಲಿಗೆ ಬಂತು?”

“ಆಟವೇ? ಮೊದಲು 4.6 ನಿಲ್ಲಲಿ.”

ಅಷ್ಟರಲ್ಲಿ ಒಗ್ಗರಣೆಯ ಘಾಟಿಗೆ ಕೆಮ್ಮುತ್ತ ಬಂದ ಅಕ್ಕ, ಒಂದು ಮಾತೂ ಆಡದೆ, ಫ್ಯಾನನ್ನು ಕಿತ್ತುಕೊಂಡು ಅಡಿಗೆಮನೆಗೆ ಹೋದಳು. ಕ್ಷಣಮಾತ್ರದಲ್ಲಿ ಪ್ರೊಸೆಸರು ಕಾದು ಕೆಂಡವಾಗಿ, ತನ್ನ ರಕ್ಷಣೆಗೆ ತಾನೇ ವೇಗವನ್ನು ತಗ್ಗಿಸಿಕೊಳ್ಳತೊಡಗಿತು. ಅಳಿಯನ ಮುಖವು ಬಾಡಿತು. ಪರದೆಯ ಮೂಲೆಯಲ್ಲಿ ಮಾತ್ರ 42 ಹಾಗೆಯೇ ಇತ್ತು.