ಮಂಜುಗಡ್ಡೆಗೆ ನೀರು ಹಾಯಿಸುವವರಿಗೆ

ಕೆನಡಾದ ಕೇಂಬ್ರಿಜ್ ಬೇ ಊರಿನ ಬಳಿ, ಹೆಪ್ಪುಗಟ್ಟಿದ ಕಡಲ ಮೇಲೆ ನಿಂತು ಕೆಲಸ ಮಾಡುತ್ತಿರುವ ರಿಯಲ್ ಐಸ್ ಸಂಸ್ಥೆಯ ಎಂಜಿನಿಯರುಗಳೇ, ಅವರಿಗೆ ಜೊತೆಯಾಗಿರುವ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳೇ,

ನಾನು ಕೋಲಾರ ಜಿಲ್ಲೆಯ ರೈತರ ಮನೆಯವಳು. ಹಿಮವನ್ನು ಇವತ್ತಿನವರೆಗೆ ಕಣ್ಣಾರೆ ನೋಡಿಲ್ಲ. ಪಂಪನ್ನು ಮಾತ್ರ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

2024ರ ಜನವರಿಯಿಂದ ನೀವು ಅಲ್ಲಿ ಮಾಡುತ್ತಿರುವುದನ್ನು ನಮ್ಮೂರಿನವರಿಗೂ ಸುಲಭವಾಗಿ ಹೇಳಬಹುದು. ಮೂಳೆ ಕೊರೆಯುವಂಥ ಚಳಿ. ಮಂಜುಗಡ್ಡೆಗೆ ತೂತು ಕೊರೆದು, ಅಡಿಯಲ್ಲಿರುವ ಉಪ್ಪುನೀರನ್ನು ಪಂಪಿನಿಂದ ಎತ್ತಿ ಮೇಲೆ ಹರಿಯಬಿಡುತ್ತೀರಿ. ಮಂಜುಗಡ್ಡೆಯ ಮೇಲೆ ಬಿದ್ದಿರುವ ಹಿಮ ಕಂಬಳಿಯಿದ್ದ ಹಾಗೆ. ಚಳಿ ಕೆಳಗಿಳಿಯದಂತೆ ತಡೆಯುತ್ತದೆ. ನೀರು ಆ ಕಂಬಳಿಯನ್ನು ನೆನೆಸಿ ರಾಡಿ ಮಾಡುತ್ತದೆ, ರಾಡಿ ಗಡ್ಡೆಯಾಗುತ್ತದೆ. ಕಂಬಳಿ ಹೋಯಿತೆಂದರೆ ಚಳಿ ನೇರವಾಗಿ ಇಳಿದು, ಉಳಿದ ಚಳಿಗಾಲವೆಲ್ಲ ಮಂಜುಗಡ್ಡೆ ಅಡಿಯಿಂದಲೂ ಬೆಳೆಯುತ್ತದೆ. ಇದನ್ನು ಓದಿದ ದಿನ ನಿಮ್ಮ ಜಾಣ್ಮೆಗೆ ತಲೆದೂಗಿದೆ. ಚಳಿಯ ಕೈಯಲ್ಲೇ ಕೆಲಸ ಮಾಡಿಸಿಕೊಳ್ಳುವ ಉಪಾಯ ಅದು.

ನಿಮ್ಮ ಅವಸರವೂ ಅರ್ಥವಾಗುತ್ತದೆ. ಹಿಮ ಹೊದ್ದ ಮಂಜುಗಡ್ಡೆ ಬಿಸಿಲಿನ ಬಹುಪಾಲನ್ನು ಆಕಾಶಕ್ಕೆ ವಾಪಸು ಕಳಿಸುತ್ತದೆ. ಅದು ಕರಗಿ ಕಪ್ಪು ನೀರು ತೆರೆದುಕೊಂಡರೆ ಅದೇ ಬಿಸಿಲನ್ನು ಕಡಲು ಕುಡಿದುಬಿಡುತ್ತದೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಮಂಜುಗಡ್ಡೆ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತ್ತು. 2025ರ ಮಾರ್ಚಿನಲ್ಲಿ, ಅದು ಅತಿ ಹೆಚ್ಚು ಹರಡಿರಬೇಕಾದ ಹೊತ್ತಿನಲ್ಲೂ, ಉಪಗ್ರಹಗಳು ಅಳೆಯಲು ಶುರುಮಾಡಿದಾಗಿನಿಂದ ಅಲ್ಲಿಯವರೆಗೆ ಕಂಡ ಅತಿ ಕಡಿಮೆ ಗರಿಷ್ಠ ಹರಹು ದಾಖಲಾಯಿತು.

ಇನ್ನೊಂದು ಲೆಕ್ಕ ನನ್ನನ್ನು ಬಹಳ ಕಾಡಿದೆ. ವಿಜ್ಞಾನಿಗಳಾದ ಡಿರ್ಕ್ ನೋಟ್ಸ್ ಮತ್ತು ಜೂಲಿಯೆನ್ ಸ್ಟ್ರೋವ್ 2016ರಲ್ಲಿ ತೋರಿಸಿದ್ದು: ನಾವು ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಸೆಪ್ಟೆಂಬರಿನ 3 ಚದರ ಮೀಟರ್ ಮಂಜುಗಡ್ಡೆ ಹೋಗುತ್ತದೆ. ಒಂದು ದೊಡ್ಡ ಮಂಚ ಹಾಕುವಷ್ಟು ಜಾಗ. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಜಗತ್ತು ಈಗ ವರ್ಷಕ್ಕೆ 3,700 ಕೋಟಿ ಟನ್ನಿನಷ್ಟು ಬಿಡುತ್ತಿದೆ. ಗುಣಿಸಿ ನೋಡಿದೆ. ವರ್ಷಕ್ಕೆ 1.1 ಲಕ್ಷ ಚದರ ಕಿಲೋಮೀಟರ್, ಅಂದರೆ ಅರ್ಧ ಕರ್ನಾಟಕಕ್ಕಿಂತ ಹೆಚ್ಚು. ಇದರ ಎದುರಿಗೆ ನಿಮ್ಮ ಪಂಪು. ಅರಿಝೋನಾದ ವಿಜ್ಞಾನಿ ಸ್ಟೀವನ್ ಡೆಶ್ ಮತ್ತು ಸಂಗಡಿಗರು ಇದೇ ಉಪಾಯವನ್ನು ಆರ್ಕ್ಟಿಕ್‌ನ ಹತ್ತನೇ ಒಂದು ಪಾಲಿಗೆ ಲೆಕ್ಕ ಹಾಕಿದಾಗ ಬೇಕಾಗಿದ್ದು ಗಾಳಿಯಿಂದ ನಡೆಯುವ 1 ಕೋಟಿ ಪಂಪು, 50 ಸಾವಿರ ಕೋಟಿ ಡಾಲರ್. ನೀವು ಮಂಜುಗಡ್ಡೆಯ ಅಡಿಯಲ್ಲೇ ಈಜುವ ಡ್ರೋನುಗಳ ಕನಸು ಕಾಣುತ್ತಿದ್ದೀರಿ. ಆಗಲಿ. ಆದರೂ ಅವು ಎಷ್ಟು ಬೇಕಾದಾವು!

ಈಗ ನಮ್ಮ ಮನೆಯ ಪಂಪಿನ ವಿಷಯ. ಅಪ್ಪ ಮೊದಲ ಬೋರ್‌ವೆಲ್ ಕೊರೆಸಿದಾಗ ನೀರು ಆಳೆತ್ತರಕ್ಕೆ ಚಿಮ್ಮಿತ್ತು. ಊರಿಗೆಲ್ಲ ಸಿಹಿ ಹಂಚಿದರು. ಮರುವರ್ಷದಿಂದ ಕೆರೆಯ ಹೂಳೆತ್ತುವ ಮಾತು ನಿಂತುಹೋಯಿತು. ತೂಬು ಮುರಿಯಿತು, ಯಾರೂ ಕೇಳಲಿಲ್ಲ. ರಾಜಕಾಲುವೆ ಒತ್ತುವರಿಯಾಯಿತು, ಯಾರೂ ತಡೆಯಲಿಲ್ಲ. ಎಲ್ಲರ ಹೊಲದಲ್ಲೂ ಪಂಪಿತ್ತಲ್ಲ! ನಾಲ್ಕನೇ ಬೋರ್ 1,200 ಅಡಿಗೆ ಇಳಿದಾಗ ಮೇಲೆ ಬಂದದ್ದು ಬಿಳಿ ಧೂಳು. ಅಮ್ಮ ಗಂಗಮ್ಮನ ಪೂಜೆಗೆಂದು ಹಿಡಿದು ನಿಂತಿದ್ದ ಅರಿಶಿನ ಕುಂಕುಮದ ತಟ್ಟೆಯ ಮೇಲೆ ಅದು ಕೂತಿತು. ಅಮ್ಮ ಸೆರಗಿನಿಂದ ತಟ್ಟೆ ಒರೆಸಿಕೊಂಡು ಒಳಗೆ ಹೋದಳು. ಪಂಪು ಯಾರಿಗೂ ದ್ರೋಹ ಮಾಡಲಿಲ್ಲ. ಪಂಪು ಇದೆ ಎಂಬ ಧೈರ್ಯಕ್ಕೆ ನಾವೇ ಕೆರೆ ಕೈಬಿಟ್ಟೆವು.

ನಿಮ್ಮ ವಿಷಯದಲ್ಲೂ ನನ್ನ ಭಯ ಅದೇ. ಮಂಜುಗಡ್ಡೆ ದಪ್ಪವಾಯಿತು ಎಂಬ ಒಂದು ಸುದ್ದಿ ಸಾಕು, ಎಣ್ಣೆ ಬಾವಿ ಮುಚ್ಚಬೇಕಾದವರು ಇನ್ನೊಂದು ಹತ್ತು ವರ್ಷ ಮುಂದೂಡಲು. ಎಕ್ಸೆಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಸೀಗರ್ಟ್ ಮತ್ತು ಜೊತೆಗಾರರು 2025ರಲ್ಲಿ ಧ್ರುವಗಳಿಗೆ ಸೂಚಿಸಿರುವ ಐದು ಉಪಾಯಗಳನ್ನು ತೂಗಿ ನೋಡಿ, ನಿಮ್ಮದೂ ಸೇರಿ ಯಾವುದೂ ಆಗುವ ಹೋಗುವ ಮಾತಲ್ಲ ಎಂದರು. ಪ್ರಯೋಗವನ್ನೇ ನಿಲ್ಲಿಸಿ ಅಂತ ನಾನು ಕೇಳುವುದಿಲ್ಲ. ಸಣ್ಣ ಜಾಗದಲ್ಲಿ ಅಳೆದು ನೋಡುವುದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಹಣ ಕೇಳುವ ಪ್ರತಿ ವೇದಿಕೆಯಲ್ಲೂ, ಹೊಗೆ ನಿಲ್ಲದಿದ್ದರೆ ನಮ್ಮ ಪಂಪಿನಿಂದ ಏನೂ ಆಗದು ಎಂದು ಮೊದಲ ಮಾತಾಗಿ ಹೇಳಿ. ಕೊನೆಯ ಸ್ಲೈಡಿನ ಸಣ್ಣ ಅಕ್ಷರದಲ್ಲಿ ಬೇಡ.

ನಿಮ್ಮ ಹಾದಿಯಲ್ಲೇ ಇನ್ನೊಬ್ಬರು ನಡೆದಿದ್ದರು. ಆರ್ಕ್ಟಿಕ್ ಐಸ್ ಪ್ರಾಜೆಕ್ಟ್‌ನವರು ಮಂಜುಗಡ್ಡೆಯ ಮೇಲೆ ಟೊಳ್ಳಾದ ಗಾಜಿನ ಕಣಗಳನ್ನು ಉದುರಿಸಿ ಹೊಳಪು ಹೆಚ್ಚಿಸಲು ವರ್ಷಗಟ್ಟಲೆ ದುಡಿದರು. ಆ ಕಣಗಳು ಹೊಳೆಯುವ ಹಿಮವನ್ನು ಮಂಕಾಗಿಸಿ ಕರಗುವುದನ್ನೇ ಬೇಗ ಮಾಡಿಯಾವು ಎಂದು 2022ರಲ್ಲಿ ಒಂದು ಅಧ್ಯಯನ ಹೇಳಿತು. ಅಲ್ಲಿನ ಜೀವಿಗಳ ಆಹಾರ ಸರಪಳಿಗೆ ಅಪಾಯವಿರಬಹುದೆಂದು ಪರೀಕ್ಷೆಗಳಲ್ಲಿ ಕಂಡಾಗ, 2025ರಲ್ಲಿ ಅವರು ಕೆಲಸ ಮುಚ್ಚಿದರು. ಹಾಗೆ ಮುಚ್ಚುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ನೀವು ಯಾವ ಫಲಿತಾಂಶ ಬಂದರೆ ನಿಲ್ಲಿಸುತ್ತೀರಿ? ಅದನ್ನು ಈಗಲೇ ಬರೆದಿಡಿ, ಎಲ್ಲರೂ ಓದುವ ಹಾಗೆ.

ಕೇಂಬ್ರಿಜ್ ಬೇಯನ್ನು ಇನೂಯಿಟ್ ಜನ ಇಕಲುಕ್ಟೂಟಿಯಾಕ್ ಎನ್ನುತ್ತಾರೆ. ಮೀನು ಚೆನ್ನಾಗಿ ಸಿಗುವ ಜಾಗ ಎಂದು ಅರ್ಥ. ಅವರಿಗೆ ಆ ಮಂಜುಗಡ್ಡೆ ದಾರಿ, ಬೇಟೆಯ ಬಯಲು. ವಿಕ್ಟೋರಿಯಾ ದ್ವೀಪದಿಂದ ಮುಖ್ಯಭೂಮಿಗೆ ಕ್ಯಾರಿಬೂ ಹಿಂಡು ದಾಟುವುದು ಅದರ ಮೇಲೆಯೇ. ಸೀಲ್‌ಗಳು ಉಸಿರಾಡಲು ಅದರಲ್ಲೇ ಕಂಡಿ ಕಾಯ್ದುಕೊಳ್ಳುತ್ತವೆ. ಅಡಿಯಲ್ಲಿ ಅಂಟಿಕೊಂಡ ಪಾಚಿಗೆ ಗಡ್ಡೆಯ ಮೂಲಕ ಇಳಿದ ಬೆಳಕೇ ಅನ್ನ. ಗಡ್ಡೆ ದಪ್ಪವಾದರೆ ಆ ಬೆಳಕು ಎಷ್ಟು ತಗ್ಗುತ್ತದೆ? ಸ್ಥಳೀಯರನ್ನು ಜೊತೆಗೆ ಸೇರಿಸಿಕೊಂಡಿದ್ದೀರಿ, ಒಳ್ಳೆಯದು. ಬೇಡ ಎನ್ನುವ ಹಕ್ಕೂ ಅವರಿಗಿರಲಿ. 2021ರಲ್ಲಿ ಸ್ವೀಡನ್ನಿನ ಕಿರುನಾ ಬಳಿ, ಆಕಾಶಕ್ಕೆ ಕಣ ಸಿಂಪಡಿಸುವ ಪ್ರಯೋಗದ ತಯಾರಿಗೆಂದು ಹಾರ್ವರ್ಡ್ ವಿಶ್ವವಿದ್ಯಾಲಯದವರು ಹಾರಿಸಬೇಕೆಂದಿದ್ದ ಬಲೂನು ನಿಂತದ್ದು ಅಲ್ಲಿನ ಮೂಲನಿವಾಸಿ ಸಾಮಿ ಜನರು ಬೇಡ ಎಂದ ಮೇಲೆ.

ನನ್ನ ಹೊಲಕ್ಕೂ ಇದಕ್ಕೂ ಸಂಬಂಧವಿದೆ. ಆರ್ಕ್ಟಿಕ್ ಆಕಾಶಕ್ಕೆ ಮಾತ್ರ ಸೂಕ್ಷ್ಮ ಕಣ ಸಿಂಪಡಿಸಿ ತಂಪು ಮಾಡಿದರೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದು ನಮ್ಮ ಮುಂಗಾರು ಸೊರಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸಾಮಿ ಬಾಲಾ ಮತ್ತು ಸಂಗಡಿಗರು 2018ರಲ್ಲಿ ಹವಾಮಾನದ ಕಂಪ್ಯೂಟರ್ ಮಾದರಿಯಿಂದ ತೋರಿಸಿದ್ದಾರೆ. ನಿಮ್ಮದು ಆ ದಾರಿಯಲ್ಲ, ಗೊತ್ತು. ಪಂಪು ಸೋತ ದಿನ, ಕೈಗೆ ಹತ್ತಿರವಿರುವ ಉಪಾಯವೆಂದು ಜನ ಆಕಾಶದ ಕಡೆ ತಿರುಗದಂತೆ ದಯವಿಟ್ಟು ಅಡ್ಡ ನಿಲ್ಲಿ.

ಜೂನಿನಲ್ಲಿ ನಾವು ರಾಗಿಗೆಂದು ಹೊಲ ಉಳುವ ಹೊತ್ತಿಗೆ ನಿಮ್ಮಲ್ಲಿ ಕರಗುವುದು ಶುರುವಾಗಿರುತ್ತದೆ. ನೀರು ಹಾಯಿಸಿದ ಕಡೆ ಮಂಜುಗಡ್ಡೆ ಎಷ್ಟು ದಿನ ಉಳಿಯಿತು, ಹಾಯಿಸದ ಕಡೆ ಎಷ್ಟು ದಿನ ಉಳಿಯಿತು, ಮೇಲೆ ಸುರಿದ ಉಪ್ಪು ಎಲ್ಲಿ ಸೇರಿತು, ಎಲ್ಲವನ್ನೂ ಅಳೆದು ಪ್ರಕಟಿಸಿ. ಎರಡೇ ದಿನದ ವ್ಯತ್ಯಾಸ ಇದ್ದರೆ ಎರಡೇ ದಿನ ಎಂದು ಬರೆಯಿರಿ.

ಇಂತಿ ನಿಮ್ಮ,
ಕೋಲಾರದ ಒಬ್ಬ ರೈತ ಮಹಿಳೆ