ವೋಲ್ಟೇಜ್ ಇದ್ದು, ಕರೆಂಟ್ ಇಲ್ಲೆ

ನಮ್ಮ ಮನ್ಮನೆ ಸುತ್ತಿನ ಯಾವ ಕೇರಿಗೆ ಹೋದರೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಪಂಪ್‌ಸೆಟ್ ನೀರೆತ್ತದಿದ್ದರೆ, ಗೋಬರ್ ಗ್ಯಾಸಿನ ಒಲೆ ಮುನಿಸಿಕೊಂಡರೆ, ಇನ್ವರ್ಟರ್ ಕುಂಯ್ ಎಂದರೆ ಜನ ಅವನ ಮನೆಯ ದಣಪೆ ದಾಟುತ್ತಾರೆ. ಎತ್ತಿ ಕಟ್ಟಿದ ಪಂಚೆ, ಜನಿವಾರಕ್ಕೆ ಬೀಗದಕೈ ಬದಲು ಪುಟ್ಟ ಸ್ಕ್ರೂಡ್ರೈವರು, ಬಾಯ್ತುಂಬ ಕವಳ. ಏನು ಕೇಳಿದರೂ ಕವಳದೊಳಗಿಂದ ಬರುವುದು ‘ಹ್ಞೂಂ’ ಒಂದೇ. ಅದು ‘ಗೊತ್ತಾಯಿತು’ ಎಂದೂ ಆಗಬಹುದು, ‘ಮೋಟರು ಸುಟ್ಟಿದೆ’ ಎಂದೂ ಆಗಬಹುದು. ಉಗುಳಿ ಬರುವವರೆಗೆ ಕಾಯಬೇಕು.

ನನ್ನ ಪಾಲಿಗೆ ಬಂದವನು ಹೆಂಡತಿಯ ಅಣ್ಣ. ಇಬ್ಬರದೂ ಒಂದೇ ಓರಗೆ. ಅವನಿಗೆ ನಾನು ಭಾವ, ನನಗೆ ಅವನು ಭಾವ.

ಈ ಭಾವನಿಗೆ ಈಗ ಲಿಥಿಯಂ ಹಿಡಿದಿದೆ. ಬೆಂಗಳೂರಿನ ಮಕ್ಕಳು ಬಂದಾಗ ಕ್ಯಾಂಪಿಂಗ್ ಮಾಡಿಸಬೇಕೆಂದು ಟೆಂಟು, 100 ವ್ಯಾಟಿನ ಮಡಚುವ ಸೋಲಾರ್ ಪ್ಯಾನೆಲ್, 12.8 ವೋಲ್ಟ್ 50 ಆಂಪಿಯರ್-ಅವರಿನ ಬ್ಯಾಟರಿ ಎಲ್ಲ ತರಿಸಿದ. ಉಂಚಳ್ಳಿ, ಯಾಣದ ಕಾಡಿನಲ್ಲಿ ಕಂಡಲ್ಲಿ ಟೆಂಟು ಹೊಡೆಯಲು ಅರಣ್ಯ ಇಲಾಖೆ ಬಿಡಬೇಕಲ್ಲ? ಹಾಗಾಗಿ ಮನೆಯ ಹಿಂದಿನ ಸೊಪ್ಪಿನ ಬೆಟ್ಟವೇ ಅವನ ಹಿಮಾಲಯ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟಿದ್ದು ಸೊಪ್ಪಿಗೆ, ದರಕಿಗೆ. ಟೆಂಟಿಗೆ ಬೇಡ ಎಂದು ಎಲ್ಲೂ ಬರೆದಿಲ್ಲ ಎಂಬುದು ಅವನ ವಾದ. ಅಡುಗೆಮನೆಯಿಂದ ‘ಆಸ್ರಿಗೆ ಬನ್ನಿ’ ಎಂದು ಕೂಗಿದರೆ ಕೇಳುವಷ್ಟು ದೂರ. ನಮ್ಮ ಅಜ್ಜಂದಿರು ಹಂದಿ ಓಡಿಸಲು ಗದ್ದೆಯ ಮಾಳದಲ್ಲಿ ಮಲಗುತ್ತಿದ್ದರು. ಅದನ್ನು ಯಾರೂ ಕ್ಯಾಂಪಿಂಗ್ ಅನ್ನಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ.

ದಿನಾ ಬೆಳಗ್ಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಭಾವನಿಂದ ಒಂದು ಸಂಖ್ಯೆ ಬರುತ್ತದೆ: ‘13.2’. ದೂರದ ಅತ್ತೆಯೊಬ್ಬಳು ಗಾಬರಿಯಾಗಿ ‘ಯಾರದ್ದು ಹಿಮೋಗ್ಲೋಬಿನ್?’ ಎಂದು ಕೇಳಿದಳು. ಲಿಥಿಯಂ ಫಾಸ್ಫೇಟ್ ಬ್ಯಾಟರಿ ಅರ್ಧ ಖಾಲಿಯಾದರೂ ವೋಲ್ಟೇಜು 13ರ ಆಸುಪಾಸಿನಲ್ಲೇ ಕೂತಿರುತ್ತದೆ, ಅದನ್ನು ನೋಡಿ ಚಾರ್ಜು ಅಳೆಯಲಾಗದು ಎಂದು ನನಗೆ ಹೇಳಿಕೊಟ್ಟವನೂ ಅವನೇ. ಆದರೂ ಸಂಖ್ಯೆ ಮಾತ್ರ ತಪ್ಪುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಮಕ್ಕಳು ಟೆಂಟಿನೊಳಗೆ ಕೂತ ಮೊದಲ ಸಂಜೆಯೇ ದೀಪ ಆರಿತು. ಮೀಟರು ಹಿಡಿದರೆ ಸೊನ್ನೆ. ನಾವೆಲ್ಲ ‘ಸತ್ತೋತು’ ಎಂದೆವು. ಭಾವನ ಮುಖ ಅರಳಿತು.

“ಸತ್ತಿದ್ದಿಲ್ಲೆ. ಮಲಗಿದ್ದು.”

ಒಳಗೆ ಬಿಎಂಎಸ್ ಎಂಬ ಕಾವಲುಗಾರ ಇದ್ದಾನಂತೆ. ಬ್ಯಾಟರಿ ತೀರಾ ಇಳಿದರೆ ಅವನು ಬಾಗಿಲು ಹಾಕಿಬಿಡುತ್ತಾನೆ, ಹೊರಗಿನವರಿಗೆ ಸೊನ್ನೆ ಕಾಣುತ್ತದೆ. ಚಾರ್ಜ್ ಕಂಟ್ರೋಲರಿಗೋ ಎದುರಿಗೆ ವೋಲ್ಟೇಜು ಕಂಡರೇ ಜೀವ. ಇವನು ಕೊಡದೆ ಅವನು ಏಳ, ಅವನು ಏಳದೆ ಇವನು ಕೊಡ. ಎಬ್ಬಿಸಲು ಮೂರನೆಯವರು ಬೇಕು. ಆ ಮೂರನೆಯವರು ನನ್ನ ಕಾರಾಯಿತು. ಬಾನೆಟ್ ಎತ್ತಿ, ಕರೆಂಟು ಒಮ್ಮೆಲೇ ನುಗ್ಗದಿರಲೆಂದು ನಡುವೆ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಸೇರಿಸಿ, ವೈರು ತಾಗಿಸಿದ. ಬಲ್ಬು ಕೆಂಪಗೆ ಮಿಣುಕಿತು. ಆ ಮಿಣುಕಿನಲ್ಲೇ ಉಪನ್ಯಾಸ: ಈ ಫಾಸ್ಫೇಟ್ ಬ್ಯಾಟರಿಯ ಮೂಲ ಲೇಖನ 1997ರದ್ದು, ಬರೆದವರು ಮೂವರು. ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್‌ಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. “ನಂಜುಂಡಸ್ವಾಮಿ! ಕೇಳ್ಚಾ ಭಾವ?” ಎಂದು ನನ್ನ ಹೆಗಲು ತಟ್ಟಿದ, ನಂಜುಂಡಸ್ವಾಮಿ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರುವವರು ಎಂಬ ಧಾಟಿಯಲ್ಲಿ. ಊಟ ಎಂದಾಗ ನೆನಪಾಯಿತು, ಅಂದು ನಾವು ಉಂಡಾಗ ಹತ್ತೂವರೆ.

ಮರುದಿನ ಬೆಳಗ್ಗೆ ನಿಜವಾದ ಪೂಜೆ. ನನ್ನನ್ನು ಬಿಸಿಲಿಗೆ ನಿಲ್ಲಿಸಿ ಕೈಗೆ ಪ್ಯಾನೆಲ್ ಕೊಟ್ಟ. ತೆಂಕಕ್ಕೆ ಮುಖ, ಹದಿನೈದು ಡಿಗ್ರಿ ಓರೆ. ಮೀಟರು 20 ವೋಲ್ಟ್ ತೋರಿಸುತ್ತಿತ್ತು. ಬ್ಯಾಟರಿಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ.

“ವೋಲ್ಟೇಜ್ ಇದ್ದು, ಕರೆಂಟ್ ಇಲ್ಲೆ!”

ಮದುವೆ ದಿಬ್ಬಣ ಬಂತೆಂದು ಸಾರುವ ದನಿ ಅದು. ಮೊದಲ ಅನುಮಾನ ಮತ್ತಿ ಮರದ ಟೊಂಗೆಯ ಮೇಲೆ. ಪ್ಯಾನೆಲ್ಲಿನ ಬಿಲ್ಲೆಗಳೆಲ್ಲ ಒಂದಕ್ಕೊಂದು ಸಾಲಾಗಿ ಪೋಣಿಸಿದವು. ಒಂದರ ಮೇಲೆ ನೆರಳು ಬಿದ್ದರೂ ದಬ್ಬೆಯಲ್ಲಿ ಸೊಪ್ಪು ಸಿಕ್ಕಿಕೊಂಡು ನೀರು ಕಟ್ಟಿದ ಹಾಗೆ ಇಡೀ ಸಾಲಿನ ಕರೆಂಟು ಕುಗ್ಗುತ್ತದೆ, ವೋಲ್ಟೇಜು ಮಾತ್ರ ಬಹುಪಾಲು ಹಾಗೇ ಕಾಣುತ್ತದೆ. ನೆರಳು ಸರಿದಂತೆ ನಾನೂ ಸರಿದೆ. ಆಮೇಲೆ ಕಂಟ್ರೋಲರಿನ ಮೇಲೆ ಅನುಮಾನ. ಅದು ಸೀಸದ ಬ್ಯಾಟರಿಯ ಲೆಕ್ಕಕ್ಕೆ ಕೂತಿತ್ತು. ಒತ್ತಿ ಒತ್ತಿ ಲಿಥಿಯಂಗೆ, 14.4ಕ್ಕೆ ತಂದ. ಆಮೇಲೆ ಆಂಪಿಯರ್ ತೂತಿನಲ್ಲಿದ್ದ ಕಡ್ಡಿಯಲ್ಲೇ ವೋಲ್ಟೇಜು ಅಳೆಯಲು ಹೋಗಿ ಮೀಟರಿನ ಫ್ಯೂಸು ಹಾರಿಸಿದ. ಫ್ಯೂಸಿಗಾಗಿ ಸಿದ್ದಾಪುರಕ್ಕೆ ಬೈಕು ಓಡಿತು. ಅಷ್ಟೂ ಹೊತ್ತು ಪ್ಯಾನೆಲ್ ಯಾಕೆ ಹಿಡಿದೇ ನಿಂತಿದ್ದೆ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಇಳಿಸು ಎಂದು ಅವನು ಹೇಳಿರಲಿಲ್ಲ, ಅಷ್ಟೆ.

ಕೊನೆಗೆ ಸಿಕ್ಕಿದ್ದು ಇಷ್ಟು: ಕಂಟ್ರೋಲರಿನ ಸ್ಕ್ರೂ ತಾಮ್ರದ ಬದಲು ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಕಚ್ಚಿತ್ತು. ಕೂದಲೆಳೆಯಂಥ ಒಂದು ತಂತಿ ತಾಗಿಕೊಂಡಿತ್ತು. ಮೀಟರಿಗೆ ಅದು ಸಾಕು, ಬ್ಯಾಟರಿಗೆ ಸಾಲದು. ಬ್ಯಾಟರಿ ಮಲಗಿದ್ದಕ್ಕೂ ಅದೇ ಕಾರಣ. ಸಿಪ್ಪೆ ಸುಲಿದು ಬಿಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೊಬ್ಬ ಮಂಕಾದ.

ಆ ಮಂಕು ನನಗೆ ಅರ್ಥವಾಗುತ್ತದೆ. ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ ಶುರುವಾಗಿದ್ದು 1995ರಲ್ಲಿ. ಅದರಾಚೆಯ ವರ್ಷಗಳಲ್ಲಿ ನಮ್ಮ ಕಡೆಯ ಮಾಡುಗಳ ಮೇಲೆ ಸೋಲಾರ್ ಹಲಗೆಗಳು ಕಾಣತೊಡಗಿದವು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ಭಾವ ಆ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಕುಡಿಸುತ್ತ ಮನೆ ಮನೆ ತಿರುಗಿದವನು. ಅವನ ಮಗ ಓದಿದ್ದೂ ಅದೇ ಬೆಳಕಿನಲ್ಲಿ. ಮಗ ಈಗ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರು. ಬ್ಯಾಟರಿ ನೆಟ್ಟಗಿರುವ ವಾರ ‘ಉಂಡಾತಾ, ಮಳೆ ಬಂತಾ’ ಎನ್ನುವಷ್ಟರಲ್ಲಿ ಅವನ ಫೋನು ಮುಗಿಯುತ್ತದೆ. ಕೆಟ್ಟಿತೋ, ಗಂಟೆಗಟ್ಟಲೆ ವಿಡಿಯೋ ಕಾಲು. ಮಗ ಹೇಳಿದ್ದಕ್ಕೆಲ್ಲ ಭಾವ ಏನೂ ತಿಳಿಯದವನಂತೆ ‘ಹೌದನಾ? ಹೌದನಾ?’ ಎನ್ನುತ್ತಾನೆ. ಆಗ ಮಾತ್ರ ಅವನ ಬಾಯಲ್ಲಿ ಕವಳ ಇರುವುದಿಲ್ಲ.

ಇರಲಿ, ನನ್ನ ಭುಜದ ನೋವು ಇದರಿಂದ ಇಳಿಯುವುದಿಲ್ಲ. ಅಂದು ಸ್ಕ್ರೂ ಬಿಗಿದ ಸ್ವಲ್ಪ ಹೊತ್ತಿಗೇ ಭಾವ ಮತ್ತೆ ಮೀಟರಿಗೆ ಬಗ್ಗಿದ್ದ.

“4.8 ಆಂಪಿಯರ್ ಬತ್ತಾ ಇದ್ದು. ಐದರ ಮೇಲೆ ಬರಕಾಗಿತ್ತು.” ಕಣ್ಣಿಗೆ ಕಳೆ ಬಂತು. “ಇನ್ನೊಂದು ಪ್ಯಾನೆಲ್ ಬೇಕು ಭಾವ.”

ಅದನ್ನು ಹಿಡಿಯುವವರು ಯಾರು ಎಂದೆ.

“ನಿಂಗೆ ಎರಡು ಕೈ ಇದ್ದಲಾ?”